ಪೆನ್‌ಡ್ರೈವ್‌ನಲ್ಲಿ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿವೆ, ಡಿಫೆಂಡರ್ ಒಂದೇ ಸಾಕೇ?

ತುಂಗಾತೀರ:
ವಿಂಡೋಸ್ 11, ಅದರಲ್ಲೇ ಬರುವ ಡಿಫೆಂಡರ್ ಬಿಟ್ಟರೆ ಬೇರೆ ಆಂಟಿವೈರಸ್ ಇಲ್ಲ. ಜೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್‌ಡ್ರೈವ್‌ನಲ್ಲಿ ಫೋಲ್ಡರ್‌ಗಳ ಜಾಗದಲ್ಲಿ ಬಾಣದ ಗುರುತಿನ ಶಾರ್ಟ್‌ಕಟ್‌ಗಳಿವೆ. ಫುಲ್ ಸ್ಕ್ಯಾನ್ ಮಾಡಿದರೂ ಏನೂ ಸಿಗಲಿಲ್ಲ. ಫೈಲ್‌ಗಳು ಹೋದವೇ? ಇನ್ನೊಂದು ಆಂಟಿವೈರಸ್ ಹಾಕಬೇಕೇ?

ಕೀಲಿಮಣೆ:
ಹೋಗಿಲ್ಲ, ಅಲ್ಲೇ ಇವೆ. ವರ್ಮ್ (ತಾನಾಗಿ ಹರಡುವ ವೈರಸ್) ಅವನ್ನು ಹಿಡನ್ ಮತ್ತು ಸಿಸ್ಟಮ್ ಫೈಲ್ ಮಾಡಿ ಮರೆಸಿ, ಅದೇ ಹೆಸರಿನ ಶಾರ್ಟ್‌ಕಟ್ ಇಟ್ಟಿದೆ. ಅದನ್ನು ಒತ್ತಿದರೆ ಮೊದಲು ವರ್ಮ್ ಓಡುತ್ತದೆ, ಆಮೇಲೆ ಫೋಲ್ಡರ್ ತೆರೆಯುತ್ತದೆ. ಹಾಗಾಗಿ ಯಾವುದನ್ನೂ ಒತ್ತಬೇಡಿ.

ಡಿಫೆಂಡರ್‌ನ ಫುಲ್ ಸ್ಕ್ಯಾನ್ ತಾನಾಗಿ ಪೆನ್‌ಡ್ರೈವ್ ನೋಡುವುದಿಲ್ಲ, ಏನೂ ಸಿಗದಿರಲು ಅದೇ ಕಾರಣವಿರಬಹುದು. ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಅದನ್ನೇ ಸ್ಕ್ಯಾನ್ ಮಾಡಿಸಿ. ನಂತರ ಫೈಲ್ ಎಕ್ಸ್‌ಪ್ಲೋರರ್‌ನ ಆಪ್ಷನ್ಸ್, ವ್ಯೂ ಟ್ಯಾಬ್‌ನಲ್ಲಿ ಹಿಡನ್ ಫೈಲ್ ತೋರಿಸುವುದನ್ನು ಆನ್ ಮಾಡಿ, 'ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್' ಮುಂದಿನ ಟಿಕ್ ತೆಗೆಯಿರಿ. ಈ ಎರಡನೆಯದನ್ನು ಬಿಟ್ಟರೆ ಡ್ರೈವ್ ಖಾಲಿಯಾಗಿಯೇ ಕಾಣುತ್ತದೆ. ನಿಮ್ಮ ದಾಖಲೆ, ಫೋಟೊ ಮಾತ್ರ ಕಾಪಿ ಮಾಡಿಕೊಂಡು ಡ್ರೈವ್ ಫಾರ್ಮ್ಯಾಟ್ ಮಾಡಿ.

ಮಲೆನಾಡು64:
ಶಾರ್ಟ್‌ಕಟ್ ಒಂದು ಸಲ ಒತ್ತಿದ್ದರೂ ಕಂಪ್ಯೂಟರಿಗೂ ಹತ್ತಿದೆ ಎಂದೇ ತಿಳಿಯಿರಿ. ಸ್ಟಾರ್ಟಪ್‌ನಲ್ಲಿ (ಕಂಪ್ಯೂಟರ್ ಆನ್ ಆದಾಗ ತಾನಾಗಿ ಓಡುವವುಗಳ ಪಟ್ಟಿಯಲ್ಲಿ) ಕೂತು, ಚುಚ್ಚಿದ ಪ್ರತಿ ಪೆನ್‌ಡ್ರೈವನ್ನೂ ಕೆಡಿಸುತ್ತದೆ. ವಿಂಡೋಸ್ ಸೆಕ್ಯುರಿಟಿಯ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಆಫ್‌ಲೈನ್ ಸ್ಕ್ಯಾನ್ ಇದೆ, ಸುಮಾರು 15 ನಿಮಿಷ. ವಿಂಡೋಸ್ ಏಳುವ ಮೊದಲೇ ಹುಡುಕುವುದರಿಂದ ವರ್ಮ್ ಅಡಗಿಕೊಳ್ಳಲಾರದು. ತೆರೆದಿರುವ ಕೆಲಸ ಮೊದಲು ಸೇವ್ ಮಾಡಿ, ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ.

ಕೀಲಿಮಣೆ:
ಎರಡನೇ ಆಂಟಿವೈರಸ್ ಬೇಡ. ಬೇರೊಂದು ಹಾಕಿದರೆ ಸಾಮಾನ್ಯವಾಗಿ ಡಿಫೆಂಡರ್ ತಾನೇ ಹಿಂದೆ ಸರಿಯುತ್ತದೆ. ಹೊರಗಿನವು ಎರಡಿದ್ದರೆ ಒಂದೇ ಫೈಲನ್ನು ಇಬ್ಬರೂ ಹಿಡಿದು ಕಂಪ್ಯೂಟರ್ ತೆವಳುತ್ತದೆ. ಇರುವುದನ್ನೇ ಪೂರ್ತಿ ಬಳಸಿ: ರಿಯಲ್ ಟೈಮ್, ಕ್ಲೌಡ್, ಟ್ಯಾಂಪರ್ (ಡಿಫೆಂಡರನ್ನೇ ವೈರಸ್ ಆಫ್ ಮಾಡದಂತೆ ತಡೆಯುವ) ಪ್ರೊಟೆಕ್ಷನ್ ಮೂರೂ ಆನ್ ಇರಲಿ. ಗೊತ್ತಿರುವ ವೈರಸ್ಸನ್ನು ಸಿಗ್ನೇಚರ್ (ಅದರ ಗುರುತಿನ ದಾಖಲೆ) ಹಿಡಿಯುತ್ತದೆ. ಹೊಸದನ್ನು ಅದರ ನಡವಳಿಕೆ ಮತ್ತು ಕ್ಲೌಡ್ ಪರೀಕ್ಷೆಯಿಂದ ಹಿಡಿಯಬೇಕು, ಕ್ಲೌಡಿಗೆ ಇಂಟರ್ನೆಟ್ ಬೇಕು. ಎಕ್ಸ್‌ಕ್ಲೂಷನ್ಸ್ ಪಟ್ಟಿಯನ್ನೂ ನೋಡಿ. ಕ್ರ್ಯಾಕ್ ಸಾಫ್ಟ್‌ವೇರ್ ಹಾಕುವಾಗ ಅಲ್ಲಿ ಸೇರಿಸಿದ ಫೋಲ್ಡರನ್ನು ಡಿಫೆಂಡರ್ ಮುಟ್ಟುವುದೇ ಇಲ್ಲ.

ಮಲೆನಾಡು64:
ರ‍್ಯಾನ್ಸಮ್‌ವೇರ್ (ಫೈಲ್ ಲಾಕ್ ಮಾಡಿ ಹಣ ಕೇಳುವ ವೈರಸ್) ತಡೆಯುವ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಮೊದಲಿಗೆ ಆಫ್ ಇರುತ್ತದೆ, ಆನ್ ಮಾಡಿ. ಯಾವುದಾದರೂ ಪ್ರೋಗ್ರಾಂ ಸೇವ್ ಆಗದಿದ್ದರೆ ಅದೊಂದಕ್ಕೆ ಅನುಮತಿ ಕೊಡಿ, ಇಡೀ ರಕ್ಷಣೆ ಆಫ್ ಮಾಡಬೇಡಿ. ಅಪ್‌ಡೇಟ್ ಮುಂದೂಡಬೇಡಿ: 2017ರ ಮೇನಲ್ಲಿ ವನ್ನಾಕ್ರೈ ಎಂಬ ಇಂಥದ್ದೇ ವೈರಸ್ ನುಗ್ಗಿದ ಬಿರುಕಿಗೆ ಮಾರ್ಚ್‌ನಲ್ಲೇ ಪ್ಯಾಚ್ ಬಂದಿತ್ತು. ಬ್ಯಾಕಪ್ ಹಾರ್ಡ್‌ಡಿಸ್ಕನ್ನು ಕಾಪಿ ಮುಗಿದ ಕೂಡಲೇ ಕಳಚಿಡಿ. ಚುಚ್ಚಿಯೇ ಬಿಟ್ಟರೆ ಅದೂ ಲಾಕ್ ಆಗುತ್ತದೆ.