ದ್ರಾಕ್ಷಿಗೆ ಬರುವ ‘ದಾವಣಿ’: ಹಾಗೆಯೇ ಉಳಿಸಬಹುದೇ?

ಎಲ್ಲರಿಗೂ ನಮಸ್ಕಾರ.

ವಿಜಯಪುರ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರ ಬರಹವನ್ನು ತಿದ್ದುತ್ತಿದ್ದೇನೆ. ಅದರಲ್ಲೊಂದು ಸಾಲು: ‘ಅಕ್ಟೋಬರ್ ಚಾಟ್ನಿ ಮುಗಿದು ಚಿಗುರೊಡೆಯುವ ಹೊತ್ತಿಗೆ ಮಳೆ ಹಿಡಿಯಿತು, ದಾವಣಿ ಬಂತು.’ ಚಾಟ್ನಿ ಎಂದರೆ ಬಳ್ಳಿ ಸವರುವುದು, ಮರಾಠಿಯಿಂದ ಬಂದದ್ದು, ಅದು ಗೊತ್ತಿತ್ತು. ದಾವಣಿ? ನಾನು ಬಲ್ಲ ದಾವಣಿಗಳು ಎರಡೇ: ದನಗಳನ್ನು ಸಾಲಾಗಿ ಕಟ್ಟುವ ಹಗ್ಗ, ಲಂಗದ ಜೊತೆ ಉಡುವ ದಾವಣಿ. ಬಳ್ಳಿಗೆ ಉರುಲು ಬಿಗಿದಂತಾಗುವ ರೋಗವಿರಬೇಕು ಎಂದುಕೊಂಡು ನಿಘಂಟು ತಿರುವಿದೆ. ಕೊನೆಗೆ ಅವರನ್ನೇ ಕೇಳಿದರೆ, ‘ಇಂಗ್ಲಿಷಿನ ಡೌನಿ ಸರ್, ನಮ್ಮ ಬಾಯಲ್ಲಿ ದಾವಣಿ’ ಎಂದು ನಕ್ಕರು.

ಇಂಗ್ಲಿಷಿನಲ್ಲಿ ‘ಡೌನಿ ಮಿಲ್ಡ್ಯೂ’ ಎನ್ನುವ ಇದನ್ನು ಕೃಷಿ ಪುಸ್ತಕಗಳು ‘ಬೂಜು ತುಪ್ಪಟ ರೋಗ’ ಎನ್ನುತ್ತವೆ. ಅನುವಾದವೇ ಆದರೂ ಒಳ್ಳೆಯ ಪದ. ಎಲೆಯ ಮೇಲೆ ಎಣ್ಣೆ ತಾಗಿದಂಥ ಹಳದಿ ಮಚ್ಚೆ, ಮಗುಚಿದರೆ ಅದರ ಅಡಿಯಲ್ಲೇ ಬಿಳಿ ತುಪ್ಪಟ. ಆದರೆ ತೋಟದಲ್ಲಿ ಯಾರೂ ಹಾಗೆನ್ನುವುದನ್ನು ನಾನು ಕೇಳಿಲ್ಲ.

ಸುದ್ದಿಗಳಲ್ಲಿ ಇದನ್ನೂ ಬೂದಿ ರೋಗವನ್ನೂ ‘ಶಿಲೀಂಧ್ರ ರೋಗ’ ಎಂದು ಒಂದೇ ಚೀಲಕ್ಕೆ ತುಂಬಿಬಿಡುತ್ತಾರೆ. ಎರಡಕ್ಕೂ ಒಗ್ಗುವ ಹವೆ ಬೇರೆ. ದಾವಣಿಗೆ ಎಲೆ ಒದ್ದೆಯಾಗಿರಬೇಕು. ಅದರ ಬೀಜಕಣಗಳು ನೀರಿನ ತೆಳುಪೊರೆಯಲ್ಲಿ ಈಜಿಯೇ ಎಲೆಯ ರಂಧ್ರ ಸೇರುತ್ತವೆ. ಮಳೆ ನಿಂತರೂ ಇಬ್ಬನಿ ಬೇಗ ಆರದಿದ್ದರೆ ಅದಕ್ಕೆ ಅನುಕೂಲವೇ. ಬೂದಿಗೆ ಆ ನೀರು ಬೇಡ. ಮೋಡ ಕವಿದ, ಬೆಚ್ಚಗಿನ, ಮಳೆಯಿಲ್ಲದ ದಿನಗಳಲ್ಲಿ ಹಬ್ಬುತ್ತದೆ. ಮದ್ದೂ ಬೇರೆ: ದಾವಣಿಗೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ, ಬೂದಿಗೆ ಗಂಧಕ. ಗಂಧಕ ಹೊಡೆದು ದಾವಣಿ ಹೋಗಲೆಂದು ಕಾಯುವುದು ವ್ಯರ್ಥ. ಸಾಲದ್ದಕ್ಕೆ, ಈಗಿನ ವರ್ಗೀಕರಣದಲ್ಲಿ ದಾವಣಿಯ ರೋಗಾಣು ನಿಜವಾದ ಶಿಲೀಂಧ್ರವೂ ಅಲ್ಲ!

ಇಂಗ್ಲಿಷಿನಿಂದ ಪದ ಇಲ್ಲಿಗೆ ಬಂದಂತೆ ನಮ್ಮ ಪದಗಳು ಹೊರಗಿನ ಭಾಷೆಗಳಿಗೂ ಹೋಗಿವೆ. ಕಾಫಿಯ ಕಪ್ಪು ಕೊಳೆಗೆ ಕಾರಣವಾದ ಶಿಲೀಂಧ್ರಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲೇ ‘ಪೆಲಿಕ್ಯುಲೇರಿಯಾ ಕೊಳೆರೋಗ’ ಎಂದು ಹೆಸರಿಟ್ಟರು. ನಮ್ಮ ಕೊಳೆರೋಗ ಲ್ಯಾಟಿನ್ ಹೆಸರಿನೊಳಗೆ ಕೂರಬಹುದಾದರೆ ದಾವಣಿ ಕನ್ನಡದಲ್ಲಿ ಕೂತರೆ ತಪ್ಪೇನು? ಮೊದಲ ಸಲ ಬಂದಲ್ಲಿ ‘ದಾವಣಿ, ಅಂದರೆ ಬೂಜು ತುಪ್ಪಟ’ ಎಂದು ಬರೆದು, ಮುಂದೆ ದಾವಣಿಯನ್ನೇ ಬಳಸಬೇಕೆಂದಿದ್ದೇನೆ. ಆಕ್ಷೇಪವಿದ್ದರೆ ತಿಳಿಸಿ.

ನಿಜವಾಗಿ ತೊಡಕಾಗಿರುವುದು ಇನ್ನೊಂದು. ಎಲೆಯ ಮೇಲೆ ನೀರು ಎಷ್ಟು ಗಂಟೆ ನಿಂತಿತ್ತು ಎಂದು ಅಳೆಯುವ ಉಪಕರಣ ಅವರ ತೋಟದಲ್ಲಿದೆ. ಬರಹದಲ್ಲಿ ಆ ಅಳತೆಯನ್ನು ‘ಎಲೆಯ ತೇವಾಂಶ’ ಎಂದಿದ್ದಾರೆ. ತೇವಾಂಶವೆಂದರೆ ಎಲೆಯ ಒಳಗಿನ ನೀರು ಎಂದಾಗುವುದಿಲ್ಲವೇ? ‘ಪರ್ಣಾರ್ದ್ರತೆ’ ಎಂದು ಬರೆದು ನಾನೇ ಹೊಡೆದುಹಾಕಿದೆ. ಸದ್ಯಕ್ಕೆ ‘ಎಲೆ ಒದ್ದೆಯಿದ್ದ ಹೊತ್ತು’ ಎಂದಿಟ್ಟಿದ್ದೇನೆ. ನಿಮ್ಮ ಕಡೆಯ ತೋಟಗಳಲ್ಲಿ ಇದಕ್ಕೊಂದು ಮಾತಿದೆಯೇ?