ಮೂರು ಕಾರ್ಡ್ ನೋಡಿ ಹೆದರಿದ ಪುಟ್ಟಿಗೆ

ಪುಟ್ಟಿ, ನಿನ್ನ ಮೆಸೇಜ್ ಈಗಷ್ಟೇ ನೋಡಿದೆ. ಬೆಳಿಗ್ಗೆ ಆರು ಗಂಟೆಯಿಂದ ಇಲ್ಲೇ ಬಿದ್ದಿದೆ. ಗ್ರೂಪಿನಲ್ಲಿ ನಲವತ್ತು ಜನ ಇದ್ದೀರಿ, ಒಬ್ಬರಾದರೂ ಏನಮ್ಮಾ ಅಂತ ಕೇಳಿದ್ದೀರಾ? ಎರಡು ಗುಡ್ ಮಾರ್ನಿಂಗ್ ಗುಲಾಬಿ ಬಂದಿವೆ, ಅಷ್ಟೇ. ನನಗೆ ಟೈಪ್ ಮಾಡೋಕೆ ಕಣ್ಣು ಸಾಲದು. ಮೈಕ್ ಒತ್ತಿ ಮಾತಾಡುತ್ತಿದ್ದೇನೆ, ಅದೇ ಬರೆದುಕೊಳ್ಳುತ್ತೆ. ಉದ್ದ ಆದರೆ ಬೈಕೋಬೇಡಿ.

ನೀನು ಕೇಳಿರೋದು ಇಷ್ಟು. ಪುಣೆ ಕೆಲಸಕ್ಕೆ ಹೋಗಲಾ ಬೇಡವಾ ಅಂತ ಟ್ಯಾರೋ, ಅಂದರೆ ಚಿತ್ರದ ಕಾರ್ಡ್ ಇಟ್ಟು ಭವಿಷ್ಯ ನೋಡುವವರ ಹತ್ತಿರ ಹೋದೆ. ಮೂರು ಕಾರ್ಡ್ ತೆಗೆದರು. ದೊಡ್ಡ ಏರುಪೇರು ಇದೆ ಅಂತ ಹೇಳಿ, ಮುಂದಿನವರನ್ನು ಕರೆದುಬಿಟ್ಟರು. ಮನೆಗೆ ಬಂದು ಫೋಟೋ ನೋಡಿದರೆ ಎಡಗಡೆ ಸ್ಟಾರ್, ಮಧ್ಯೆ ಸಿಡಿಲು ಬಡಿದು ಕುಸಿಯುವ ಗೋಪುರದ ಟವರ್, ಬಲಗಡೆ ಏಯ್ಟ್ ಆಫ್ ಪೆಂಟಕಲ್ಸ್. ಮೂರೂ ತಲೆಕೆಳಗು. ಅದಕ್ಕೆ ಆಫರ್ ಬೇಡ ಅಂತ ಬರೆದುಬಿಡಲಾ ದೊಡ್ಡಮ್ಮ ಅಂತ ಕೇಳಿದ್ದೀಯ.

ಏನೂ ಬರೆಯಬೇಡ. ಮಧ್ಯದ ಒಂದು ಕಾರ್ಡ್ ಹಿಡಿದುಕೊಂಡು ನಿರ್ಧಾರ ಮಾಡಬೇಡ. ಹಾಗೆ ಮಾಡಿ ಕೆಟ್ಟವಳು ನಾನು.

1997ರ ಫೆಬ್ರವರಿ. ಆಗ ನಾವು ಲಂಡನ್ನಿನಲ್ಲಿದ್ದೆವು. ಆ ಈಸ್ಟ್ ಹ್ಯಾಮ್ ಮನೆ, ನಿಮ್ಮಮ್ಮನಿಗೆ ಗೊತ್ತು, ಅಡುಗೆಮನೆ ಕಿಟಕಿ ತೆಗೆದರೆ ಪಕ್ಕದವರ ಗೋಡೆ. ಹನ್ನೊಂದು ವರ್ಷ ಮನೆಯಲ್ಲೇ ಇದ್ದವಳಿಗೆ ಶಿಶುವಿಹಾರದ ಟೀಚರ್ ಟ್ರೇನಿಂಗಿಗೆ ಇಂಟರ್‌ವ್ಯೂ ಬಂದಿತ್ತು. ಶನಿವಾರದ ಸಂತೆಯಲ್ಲಿ ಒಬ್ಬಳು ಮಡಿಸುವ ಮೇಜು ಹಾಕಿಕೊಂಡು ಕಾರ್ಡ್ ನೋಡುತ್ತಿದ್ದಳು. ಐದು ಪೌಂಡ್. ಸುಮ್ನೆ ಹೋಗೋದು ಬಿಟ್ಟು ಕೂತೆ. ಇಂಟರ್‌ವ್ಯೂ ಬಗ್ಗೆನೇ ಕೇಳಿದೆ. ಬಂದದ್ದು ಸಿಕ್ಸ್ ಆಫ್ ಕಪ್ಸ್, ಡೆತ್, ಸಿಕ್ಸ್ ಆಫ್ ಸೋರ್ಡ್ಸ್.

ಮೊದಲನೆಯದರಲ್ಲಿ ಹಳೇ ಮನೆಯ ಅಂಗಳ. ಒಬ್ಬ ಹುಡುಗ ಪುಟ್ಟ ಹುಡುಗಿಗೆ ಹೂವು ತುಂಬಿದ ಬಟ್ಟಲು ಕೊಡುತ್ತಿದ್ದಾನೆ. ಎರಡನೆಯದರಲ್ಲಿ ಬಿಳಿ ಕುದುರೆ ಮೇಲೆ ಅಸ್ಥಿಪಂಜರ. ಮೂರನೆಯದರಲ್ಲಿ ದೋಣಿ, ಅದರಲ್ಲಿ ಮುಸುಕು ಹೊದ್ದು ಕುಗ್ಗಿ ಕೂತ ಹೆಂಗಸು, ಪಕ್ಕದಲ್ಲಿ ಮಗು. ತವರುಮನೆ, ಸಾವು, ಪ್ರಯಾಣ. ಇನ್ನೇನು ಬೇಕು ಹೇಳು? ಆ ಹೆಂಗಸು ಏನೋ ಹೇಳುತ್ತಲೇ ಇದ್ದಳು. ನನ್ನ ಕಿವಿಗೆ ಒಂದೂ ಬೀಳಲಿಲ್ಲ. ಮೈಸೂರಿಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಮಂಗಳವಾರ ಇಂಟರ್‌ವ್ಯೂ ಇಟ್ಟುಕೊಂಡು ಸೋಮವಾರ ವಿಮಾನ ಹತ್ತಿದೆ. ನಿಮ್ಮ ದೊಡ್ಡಪ್ಪ ಬೇಡ ಬೇಡ ಅಂದರು, ಅವರ ಮಾತು ನಾನು ಯಾವತ್ತು ಕೇಳಿದ್ದೆ?

ಮುಂಬೈ, ಬೆಂಗಳೂರು, ಅಲ್ಲಿಂದ ಬಸ್ಸು. ದಾರಿಯುದ್ದಕ್ಕೂ ಅತ್ತುಕೊಂಡೇ ಮನೆ ಬಾಗಿಲಿಗೆ ಬಂದೆ. ನಿಮ್ಮ ತಾತ ಜಗಲಿ ಮೇಲೆ ಬೇಸಿನ್ ಇಟ್ಟುಕೊಂಡು ನೆನೆಸಿದ ಅವರೆಕಾಳು ಹಿದುಕುತ್ತಾ ಕೂತಿದ್ದಾರೆ! ನನ್ನ ಮುಖ ನೋಡಿ, "ಏನಮ್ಮ, ಹೇಳದೆ ಕೇಳದೆ? ಅಳಿಯಂದಿರ ಜೊತೆ ಜಗಳವಾ?" ಅಂದರು. ಫೋನಿನ ತಂತಿ ಇಲಿ ಕಡಿದಿತ್ತಂತೆ. ಆಮೇಲೆ ಹದಿನಾಲ್ಕು ವರ್ಷ ಬದುಕಿದರು. ನಿನ್ನ ನಾಮಕರಣದ ದಿನ ಚಿರೋಟಿ ಸಾಲಲಿಲ್ಲ ಅಂತ ಕೂಗಾಡಿದವರು ಅವರೇ. ನನ್ನ ಟ್ರೇನಿಂಗ್ ಸೀಟು ಮಾತ್ರ ಬೇರೆಯವರಿಗೆ ಹೋಯಿತು.

ಲಂಡನ್ನಿಗೆ ವಾಪಸ್ ಹೋದ ಮೇಲೆ ಹಟಕ್ಕೆ ಬಿದ್ದು ಅದೇ ಕಾರ್ಡಿನ ಕಟ್ಟು ಕೊಂಡು ಕಲಿತೆ. ಆಗ ಗೊತ್ತಾಯಿತು. ಅವಳು ಇಟ್ಟದ್ದು ಹಿಂದಿನದು, ಈಗಿನದು, ಮುಂದಿನದು ಅಂತ. ಹಿಂದೆ ಇದ್ದದ್ದು ತವರಿನ ಸೆಳೆತ. ಈಗ ಮುಗಿಯುತ್ತಿದ್ದದ್ದು ಮನೆಯಲ್ಲೇ ಕೂತ ಕಾಲ. ಡೆತ್ ಕಾರ್ಡ್ ಸರಿಯಾಗಿ ನೋಡು, ರಾಜ ನೆಲಕ್ಕೆ ಬಿದ್ದಿದ್ದಾನೆ, ಆದರೆ ಒಂದು ಮಗು ಮಂಡಿಯೂರಿ ಕುದುರೆಯನ್ನೇ ನೋಡುತ್ತಿದೆ, ದೂರದಲ್ಲಿ ಎರಡು ಗೋಪುರದ ನಡುವೆ ಸೂರ್ಯ. ಇನ್ನು ಆ ದೋಣಿ. ಒಂದು ಕಡೆ ನೀರು ಅಲೆ ಅಲೆ, ಇನ್ನೊಂದು ಕಡೆ ಕನ್ನಡಿ ಥರ. ಆರು ಕತ್ತಿ ಚುಚ್ಚಿ ನಿಂತಿವೆ, ಆದರೂ ದೋಣಿ ಮುಳುಗಿಲ್ಲ. ಅದು ಹೊರಟಿದ್ದು ಮೈಸೂರಿಗಲ್ಲ ಪುಟ್ಟಿ, ಆ ಇಂಟರ್‌ವ್ಯೂಗೆ.

ತಾತ ಕನ್ನಡ ಮೇಷ್ಟ್ರು ಅಲ್ವಾ. ಬೋರ್ಡ್ ಮೇಲೆ "ಹಾವು ಮುಂಗುಸಿ ಕೊಂದಿತು" ಅಂತ ಬರೆದು, ಯಾರು ಯಾರನ್ನು ಕೊಂದರು ಹೇಳಿ ಅನ್ನುತ್ತಿದ್ದರು. ವಿಭಕ್ತಿ ಪ್ರತ್ಯಯ ಇಲ್ಲದೆ ಹೇಗೆ ಹೇಳುತ್ತೀಯ? ಕಾರ್ಡಿಗೂ ವಿಭಕ್ತಿ ಇಲ್ಲ. ಅದು ಕೂತ ಜಾಗವೇ ವಿಭಕ್ತಿ. ಟವರ್ "ಈಗಿನದು" ಅನ್ನುವ ಜಾಗದಲ್ಲಿದ್ದರೆ ಒಂದು ಅರ್ಥ, "ಅಡ್ಡಿ" ಅಂತಿದ್ದರೆ ಇನ್ನೊಂದು. ಕೆಲವರು "ಇಲ್ಲೇ ಇದ್ದರೆ, ಅಲ್ಲಿಗೆ ಹೋದರೆ, ನೆನಪಿಡಬೇಕಾದ್ದು" ಅಂತಲೂ ಇಡುತ್ತಾರೆ. ಹಾಗಿದ್ದು ಟವರ್ ಮಧ್ಯೆ ಕೂತಿದ್ದರೆ, ನಿಜ ಹೇಳುತ್ತೇನೆ, ನಾನೂ ಸ್ವಲ್ಪ ಯೋಚನೆ ಮಾಡುತ್ತೇನೆ.

ಈ ಚಿತ್ರಗಳನ್ನೆಲ್ಲ ಬರೆದವಳು ಯಾರು ಗೊತ್ತಾ? ಪಮೇಲಾ ಕೋಲ್ಮನ್ ಸ್ಮಿತ್. 1909ರಲ್ಲಿ, ಅದೇ ಲಂಡನ್ನಿನಲ್ಲಿ, 78 ಕಾರ್ಡಿಗೂ ಚಿತ್ರ. ಅದಕ್ಕೆ ಮುಂಚಿನ ಹೆಚ್ಚಿನ ಕಟ್ಟುಗಳಲ್ಲಿ ಆರು ಕತ್ತಿ ಅಂದರೆ ಬರೀ ಆರು ಕತ್ತಿ, ನಮ್ಮ ಇಸ್ಪೀಟಿನ ಥರ. ಮೊದಲಿಗೆ ಇದು ಇಟಲಿಯವರ ಆಟದ ಎಲೆ ತಾನೇ. ಆ ದೋಣಿ, ಆ ಹೆಂಗಸು, ಆ ಮಗು ಅವಳ ಕೈಯಿಂದ ಬಂದದ್ದು. ಕೆಲಸ ದೊಡ್ಡದು, ದುಡ್ಡು ತೀರಾ ಕಡಿಮೆ ಅಂತ ಅವಳೇ ಪತ್ರದಲ್ಲಿ ಬರೆದಿದ್ದಾಳೆ. ಕಟ್ಟಿಗೆ ಹೆಸರು ಬಂದದ್ದು ಪ್ರಕಾಶಕ ರೈಡರ್ ಮತ್ತು ಬರೆಸಿದ ವೇಯ್ಟ್ ಅವರದ್ದು. ಅವಳದ್ದು ಕಾರ್ಡಿನ ಮೂಲೆಯಲ್ಲಿ ಸೊಳ್ಳೆಯಷ್ಟು ಸಹಿ. 1951ರಲ್ಲಿ ಸಾಲ ಉಳಿಸಿಕೊಂಡೇ ಸತ್ತಳು.

ಅದಕ್ಕೆ ಹೇಳೋದು. ಕುವೆಂಪುನಗರದ ಮನೆಗೆ ತಾರಸಿ ಹಾಕುವಾಗ ದುಡ್ಡು ಸಾಲದೆ ನಿಂತಿತ್ತು. ನನ್ನ ನಾಲ್ಕು ಬಳೆ ಹೋದವು. ಯಾರೂ ಕೇಳಿರಲಿಲ್ಲ, ನಾನೇ ತೆಗೆದುಕೊಟ್ಟೆ, ಸರಿ. ಗೇಟಿನ ಕಲ್ಲಿನ ಮೇಲೆ ಯಾರ ಹೆಸರಿದೆ? ನಿನ್ನ ಸೋದರಮಾವಂದಿರಿಬ್ಬರದು. ಇಬ್ಬರೂ ಈ ಗ್ರೂಪಿನಲ್ಲೇ ಇದ್ದಾರೆ, ಕೇಳಿಸಿಕೊಳ್ಳಲಿ. ಹೋದ ಯುಗಾದಿಗೆ ಕಲ್ಲಿಗೆ ಹೊಸ ಬಣ್ಣ ಬೇರೆ ಹೊಡೆಸಿದರು. ನಿಮ್ಮಮ್ಮ ಆ ದಿನ ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಇರಲಿ ಬಿಡು.

ಏನು ಹೇಳೋಕೆ ಹೊರಟಿದ್ದೆ? ಹಾಂ, ಮಧ್ಯದ ಒಂದು ಕಾರ್ಡ್ ಹಿಡಿದುಕೊಂಡು ನಿರ್ಧಾರ ಮಾಡಬೇಡ. ಮೂರೂ ಸೇರಿ ಒಂದು ವಾಕ್ಯ.

ಅಯ್ಯೋ, ಮುಖ್ಯವಾದ್ದೇ ಮರೆತೆ, ನಿನ್ನ ಫೋಟೋ! ಮೇಲ್ಗಡೆ ಅಂಚಿನಲ್ಲಿ ಒಂದು ಬೆರಳು ಕಾಣುತ್ತಿದೆ, ಹವಳದ ಉಂಗುರ ಹಾಕಿರೋದು. ಅದು ಕಾರ್ಡ್ ನೋಡಿದವರದ್ದೇ ಅಲ್ವಾ? ಅಂದರೆ ನೀನು ಎದುರಿಗೆ ಕೂತು ನಿನ್ನ ಕಡೆಯಿಂದ ತೆಗೆದಿದ್ದೀಯ. ಅವರಿಗೆ ನೆಟ್ಟಗೆ ಇರೋದು ನಿನಗೆ ತಲೆಕೆಳಗು, ಅವರ ಎಡ ನಿನ್ನ ಬಲ. ಫೋನ್ ತಿರುಗಿಸಿ ನೋಡು. ಮೊದಲು ಏಯ್ಟ್ ಆಫ್ ಪೆಂಟಕಲ್ಸ್, ಬೆಂಚಿನ ಮೇಲೆ ಕೂತು ಒಂದೊಂದೇ ನಾಣ್ಯ ಕೆತ್ತುವ ಹುಡುಗ. ಆಮೇಲೆ ಟವರ್. ಕೊನೆಗೆ ಸ್ಟಾರ್, ಅಂದರೆ ಭರವಸೆ. ಟವರ್ ನಂಬರ್ 16, ಸ್ಟಾರ್ 17, ಕಟ್ಟಿನಲ್ಲೂ ಒಂದರ ಹಿಂದೆ ಒಂದು. ಹಿಂದಿನದು, ಈಗಿನದು, ಮುಂದಿನದು ಅಂತ ಇಟ್ಟಿದ್ದರೆ, ಆ ಹುಡುಗ ನಾಲ್ಕು ವರ್ಷ ದುಡಿದ ನೀನು. ಅಲ್ಲಾಡುತ್ತಿರೋದು ಈಗಿನ ಆಫೀಸು. ಹೋದ ತಿಂಗಳು ನಿಮ್ಮ ಟೀಮಿನಲ್ಲಿ ಅರ್ಧ ಜನರನ್ನು ತೆಗೆದರು ಅಂತ ನೀನೇ ಅತ್ತಿದ್ದೆ.

ನನ್ನ ಮಾತೂ ನಂಬಬೇಡ. ಅವರಿಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳು. ಯಾವ ಕಡೆಯಿಂದ ಇಟ್ಟಿರಿ? ಯಾವ ಜಾಗಕ್ಕೆ ಏನು ಹೆಸರು? ಪರಿಹಾರ, ಪೂಜೆ ಅಂತ ದುಡ್ಡಿನ ಮಾತು ಬಂದರೆ ಫೋನ್ ಇಟ್ಟುಬಿಡು. ಆಫರ್‌ಗೆ ಉತ್ತರ ಕೊಡೋಕೆ ಶುಕ್ರವಾರದವರೆಗೆ ಸಮಯ ಇದೆ ಅಂದೆಯಲ್ಲ, ಇವತ್ತಿನ್ನೂ ಮಂಗಳವಾರ. ಅವರು ಏನಂದರು ಅಂತ ನನಗೆ ಬೇರೆಯಾಗಿ ಕಳಿಸು, ಇಲ್ಲಿ ಹಾಕಬೇಡ, ಗುಲಾಬಿ ಮಧ್ಯೆ ಕಳೆದುಹೋಗುತ್ತೆ. ಇಸ್ತ್ರಿಯವನು ಬೆಲ್ ಮಾಡುತ್ತಿದ್ದಾನೆ, ಇಡುತ್ತೇನೆ.