ಮದ್ರಾಸ್ ತಾರಸಿ ಸೋರ್ತಿದೆ, ಒಡೆಯದೆ ಉಳಿಸೋದು ಹೇಗೆ?

ಅಗ್ರಹಾರದವಳು: ಮೈಸೂರಿನ ಹಳೇ ಅಗ್ರಹಾರದಲ್ಲಿ ನಮ್ಮ ತಾತನ ಕಾಲದ ಮನೆ. ಮದ್ರಾಸ್ ತಾರಸಿ ಅಂತಾರಲ್ಲ, ಅದೇ: ತೇಗದ ಜಂತೆ, ಅದರ ಮೇಲೆ ಓರೆಯಾಗಿ ನಿಲ್ಲಿಸಿದ ತೆಳು ಇಟ್ಟಿಗೆ, ಮೇಲೆ ಸುಣ್ಣದ ಗಾರೆ. ನಡುಮನೆಯಲ್ಲಿ ನೀರು ಇಳೀತಿದೆ. ಒಂದು ಜಂತೆ ಗೋಡೆಗೆ ಸೇರುವ ಕಡೆ ಬೆರಳು ಒತ್ತಿದ್ರೆ ಕಾಫಿ ಪುಡಿ ಥರ ಉದುರತ್ತೆ. ಕಂಟ್ರಾಕ್ಟರು "ಮೇಲೆ ಮೂರಿಂಚು ಕಾಂಕ್ರೀಟ್ ಎಳೆದುಬಿಡೋಣ ಮೇಡಂ" ಅಂತಾರೆ. ನಮ್ಮಣ್ಣ ಪೂರ್ತಿ ಕೆಡವು ಅಂತಾನೆ. ನನಗೆ ಎರಡೂ ಬೇಡ, ಕೈಯಲ್ಲಿ ದುಡ್ಡೂ ಅಷ್ಟಿಲ್ಲ. ಸದ್ಯಕ್ಕೆ ಮಾಡಿ, ಮುಂದೆ ಬೇಡ ಅಂದಾಗ ಬಿಚ್ಚಬಹುದಾದ ಉಪಾಯ ಇದ್ರೆ ಹೇಳಿ.

ನಿವೃತ್ತ ಇಂಜಿನಿಯರ್: ಕಾಂಕ್ರೀಟಿಗೆ ಒಪ್ಪಲೇಬೇಡಿ ತಾಯಿ. ಮೂರಿಂಚು ಅಂದರೆ 100 ಚದರಡಿಗೆ ಸುಮಾರು 1.7 ಟನ್ ಹೊಸ ಭಾರ. ಹೊರಬೇಕಾದ್ದು ನೀವು ಬೆರಳಲ್ಲಿ ಉದುರಿಸಿದ ಆ ಜಂತೆ! ಮೇಲಾಗಿ ಸಿಮೆಂಟು ಒಳಗಿನ ತೇವ ಆರಗೊಡದು. ನಾಳೆ ಕೀಳಲು ಹೋದರೆ ಇಟ್ಟಿಗೆಯನ್ನೂ ಕಿತ್ತುಕೊಂಡೇ ಬರುತ್ತದೆ.

ಮೊದಲು ಆಸರೆ ಕೊಡಿ. ಜಂತೆಗಳಿಗೆ ಅಡ್ಡಲಾಗಿ, ಗೋಡೆಯಿಂದ ಒಂದಡಿ ಈಚೆಗೆ ಒಂದು ತೊಲೆ, ಅದರ ಕೆಳಗೆ ಸರ್ವೆ ಕಂಬ, ಬುಡದಲ್ಲಿ ಹಲಗೆ ಮತ್ತು ಬೆಣೆ. ಬೆಣೆ ಬಿಗಿಯಾದರೆ ಸಾಕು, ಚಾವಣಿಯನ್ನು ಮೇಲಕ್ಕೆ ಎತ್ತಲು ಹೋಗಬೇಡಿ, ಗಾರೆ ಬಿರಿಯುತ್ತದೆ. ನಮ್ಮೂರಲ್ಲೇ 2012ರಲ್ಲಿ ಹಳೆಯ ಲ್ಯಾನ್ಸ್‌ಡೌನ್ ಕಟ್ಟಡದ, 2016ರಲ್ಲಿ ಹಳೆಯ ದೇವರಾಜ ಮಾರುಕಟ್ಟೆಯ ಒಂದೊಂದು ಭಾಗ ಕುಸಿದವು, ಎರಡೂ ಮಳೆಗಾಲದ ಆಗಸ್ಟ್‌ನಲ್ಲಿ. ಆದ್ದರಿಂದ ಈ ಕೆಲಸವನ್ನು ಮುಂದಿನ ವಾರಕ್ಕೆ ಇಡಬೇಡಿ.

ಆಮೇಲೆ ತಾರಸಿಯ ಮೇಲೆ ಪೈಪು ಕಟ್ಟಿ ಶೀಟು ಹೊದಿಸಿ. ಪೈಪಿನ ಕಾಲು ಗೋಡೆಯ ನೆತ್ತಿಗೇ ಬರಬೇಕು, ತಾರಸಿ ನಡುವೆ ಬೇಡ. ಒಂದೂವರೆ ಅಡಿ ಸಂದು ಬಿಡಿ, ಗಾಳಿಯಾಡಿದರೆ ಒಳಗಿನ ತೇವ ತಾನೇ ಆರುತ್ತದೆ. ಟಾರ್ಪಾಲನ್ನು ತಾರಸಿಗೇ ಅಂಟಿಸಿ ಹಾಸಿದರೆ ಆ ಲಾಭವಿಲ್ಲ.

ಅಗ್ರಹಾರದವಳು: ಗಾಳಿಗೆ ಶೀಟು ಹಾರಿ ಪಕ್ಕದ ಮನೆಯವರ ಮೇಲೆ ಬಿದ್ರೆ?

ನಿವೃತ್ತ ಇಂಜಿನಿಯರ್: ಸಾಲುಮನೆಯಾದರೂ ಮುಂದೆ ಹಿಂದೆ ಬಯಲಿದೆಯಲ್ಲ, ಅಲ್ಲಿಗೆ ತಂತಿಹಗ್ಗ ಇಳಿಸಿ ನೆಲಕ್ಕೆ ಬಿಗಿಯಿರಿ. ಗೋಡೆ ಕೊರೆಯುವುದು ಬೇಡ. ಶೀಟಿನ ನೀರು ಪಕ್ಕದವರ ಗೋಡೆಗೆ ಬೀಳದ ಹಾಗೆ ದೋಣಿ ಕಟ್ಟಿಸಿ, ಇಲ್ಲದಿದ್ದರೆ ಜಗಳ ಗ್ಯಾರಂಟಿ.

ಗಾರೆಯವರ ಮಗ: ಅಕ್ಕಾ, ನೀರು ಹೋಗೋ ದೋಣಿಬಾಯಿ ಮೊದ್ಲು ನೋಡಿ. ನಮ್ಮಪ್ಪ ಸೋರೋ ಮನೆಗೆ ಹೋದ್ರೆ ಮೊದ್ಲು ಅಲ್ಲಿಗೇ ಕೈ ಹಾಕ್ತಿದ್ರು. ಎಲೆ, ಮಣ್ಣು ಕಟ್ಟಿರತ್ತೆ. ಅರಳಿ ಗಿಡ ಹುಟ್ಟಿದ್ರೆ ಎಳೀಬೇಡಿ, ಬೇರಿನ ಜೊತೆ ಇಟ್ಟಿಗೆ ಬರತ್ತೆ. ಬುಡಕ್ಕೆ ಕತ್ತರಿಸಿ.

ಬಿಸಿಲು ಬಂದ್ಮೇಲೆ ಟೊಳ್ಳು ಸದ್ದು ಬರೋ ಗಾರೆ ಅಷ್ಟೇ ತೆಗೆದು, ಸುಣ್ಣ, ಇಟ್ಟಿಗೆ ಪುಡಿ, ಬೆಲ್ಲ, ಅಳಲೆಕಾಯಿ ನೆನೆಸಿದ ನೀರಲ್ಲಿ ಹೊಸದು ಹಾಕ್ಸಿ. ಮರದ ಹಲಗೆ ಪುಟಿಯೋವರೆಗೂ ಬಡೀಬೇಕು. ಆಮೇಲೆ ಒದ್ದೆ ಗೋಣಿಚೀಲ ಹೊದಿಸಿ. ನಾಳೆ ಬೇಡ ಅಂದ್ರೆ ಉಳಿಯಲ್ಲೇ ಎದ್ದು ಬರತ್ತೆ.

ಅಗ್ರಹಾರದವಳು: ಅಣ್ಣನಿಗೆ ಆ 1.7 ಟನ್ ಲೆಕ್ಕ, ನಿಮ್ಮ ಆಸರೆ ಉಪಾಯ ಎರಡೂ ತೋರಿಸಿದೆ, ಕಾಂಕ್ರೀಟ್ ಮಾತೂ ಕೆಡವೋ ಮಾತೂ ನಿಂತಿದೆ. ಸರ್ವೆ ಕಂಬಕ್ಕೆ ಹೇಳಿ ಆಯ್ತು. ಶೀಟಿಗೂ ಒಪ್ಪಿದ್ದಾನೆ, ನೀಲಿ ಬಣ್ಣ ಮಾತ್ರ ಬೇಡವಂತೆ.